ಎಪ್ಪತ್ತು ದಾಟಿದರೆ ನಡುಕ

ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ಬೆಂಗಳೂರಿಗೆ ದಿನ ಬಿಟ್ಟು ದಿನ ಲೋಡು ಹೊಡೆಯುವ ನನ್ನ ಭಾಮೈದ ಒಂದು ರಾತ್ರಿ ಫೋನು ಮಾಡಿದ. ‘ಭಾವ, ಗಾಡಿ ಎಪ್ಪತ್ತು ದಾಟ್ತಿದ್ದಂಗೆ ನಡುಗ್ತದೆ. ಕನ್ನಡೀಲಿ ಹಿಂದಿನ ಲಾರಿ ದೀಪ ಎರಡಿರೋದು ನಾಲ್ಕಾಗಿ ಕಾಣ್ತವೆ’ ಅಂದ. ದನಿಯಲ್ಲಿ ಭಯಕ್ಕಿಂತ ದಣಿವು ಹೆಚ್ಚಿತ್ತು. ಅಷ್ಟೊತ್ತಿಗಾಗಲೇ ಅವನು ಮುಂದಿನ ಎರಡು ಟೈರು ಹೊಸದು ಹಾಕಿಸಿದ್ದ, ಶಾಕ್ ಅಬ್ಸಾರ್ಬರ್ ಬದಲಾಯಿಸಿದ್ದ, ಸ್ಟೇರಿಂಗಿನ ಬಾಲ್ ಜಾಯಿಂಟುಗಳನ್ನೂ ತೆಗೆಸಿ ಹೊಸದು ಕೂರಿಸಿದ್ದ. 20 ಸಾವಿರ ರೂಪಾಯಿ ಹತ್ತಿರ ಖರ್ಚಾಗಿತ್ತು. ನಡುಕ ಮಾತ್ರ ಒಂದು ಚೂರೂ ತಗ್ಗಿರಲಿಲ್ಲ.

ಒಂದು ಪಿಕಪ್ಪಿನ ಮೇಲೆ ಒಂದು ಮನೆ ನಿಂತಿರುತ್ತದೆ. ಸಾಲದ ಕಂತು, ಮಕ್ಕಳ ಫೀಸು, ಅಂಗಡಿ ಬಾಕಿ ಎಲ್ಲವೂ ಅದು ಓಡಿದರೆ ಉಂಟು. ಅಂಥ ಗಾಡಿಗೆ ಊಹೆಯ ಮೇಲೆ ಒಂದೊಂದೇ ಸಾಮಾನು ಬದಲಾಯಿಸುತ್ತ ಹೋಗುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ನಡುಕ ತಾನು ಎಲ್ಲಿಂದ ಬರುತ್ತಿದ್ದೇನೆಂದು ತಾನೇ ಹೇಳುತ್ತಿರುತ್ತದೆ. ಕಾಸು ಬಿಚ್ಚುವ ಮೊದಲು ಅದನ್ನು ಕೇಳಿಸಿಕೊಳ್ಳಬೇಕು.

ಹೆದ್ದಾರಿಯಲ್ಲಿ ಸರಕು ಗಾಡಿಗಳ ವೇಗಮಿತಿ ಗಂಟೆಗೆ 80 ಕಿ.ಮೀ. ಪಿಕಪ್ಪಿನ ಟೈರು ಸುಮಾರು 70 ಸೆಂ.ಮೀ. ಎತ್ತರದ್ದು ಅಂತಿಟ್ಟುಕೊಳ್ಳಿ, ಒಂದು ಸುತ್ತಿಗೆ 2.2 ಮೀಟರ್ ಸಾಗುತ್ತದೆ. 80ರ ವೇಗದಲ್ಲಿ ಸೆಕೆಂಡಿಗೆ ಹತ್ತು ಸುತ್ತು. ಡಿಸ್ಕಿನ ಅಂಚಿನಲ್ಲಿ ಒಂದೇ ಕಡೆ ಬರೀ 50 ಗ್ರಾಂ ಹೆಚ್ಚಿದ್ದರೂ ಅದು ಹೆಚ್ಚುಕಮ್ಮಿ ನಾಲ್ಕು ಕಿಲೋ ಬಲದಲ್ಲಿ ಚಕ್ರವನ್ನು ಎಳೆಯುತ್ತದೆ, ಅದೂ ಪ್ರತಿ ಸುತ್ತಿಗೂ ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ. 40ರಲ್ಲಿ ಈ ಎಳೆತ ಒಂದು ಕಿಲೋ ಆಸುಪಾಸು ಮಾತ್ರ. ವೇಗ ಎರಡರಷ್ಟಾದರೆ ಎಳೆತ ನಾಲ್ಕರಷ್ಟಾಗುತ್ತದೆ. ಊರೊಳಗೆ ಬೆಣ್ಣೆಯಂತೆ ಓಡುವ ಗಾಡಿ ಹೆದ್ದಾರಿಗೆ ಬಿದ್ದ ಕೂಡಲೇ ಮೈ ಕೊಡವುವುದು ಇದಕ್ಕೇ. ಹಳೆಯ ಮೈಸೂರು ರಸ್ತೆಯಲ್ಲಿ ಚನ್ನಪಟ್ಟಣ, ರಾಮನಗರ, ಬಿಡದಿ ಅಂತ ಊರೂರಿಗೂ ನಿಂತು ನಿಂತು ಹೋಗುತ್ತಿದ್ದಾಗ ಎಷ್ಟೋ ಗಾಡಿಗಳ ಈ ರೋಗ ಬಯಲಿಗೆ ಬರುತ್ತಲೇ ಇರಲಿಲ್ಲ. 2023ರಲ್ಲಿ ದಶಪಥ ರಸ್ತೆ ಉದ್ಘಾಟನೆಯಾದ ಮೇಲೆ ಒಂದೇ ವೇಗದಲ್ಲಿ ಬಹಳ ಹೊತ್ತು ಓಡುವುದು ಬಂತು, ರೋಗವೂ ಕಾಣಿಸಿತು.

50 ಗ್ರಾಮಿಗೇ ಇಷ್ಟಾದರೆ ಕೆಸರಿನ ಕಥೆ ಕೇಳಬೇಡಿ. ಮಳೆಗಾಲದಲ್ಲಿ ತೋಟದೊಳಗೇ ಹೋಗಿ ಲೋಡು ಮಾಡಿಕೊಂಡ ಗಾಡಿಯ ಡಿಸ್ಕಿನ ಒಳಮೈಗೆ ಮಣ್ಣು ಮೆತ್ತಿ, ಒಣಗಿ, ಇಟ್ಟಿಗೆಯಂತೆ ಗಟ್ಟಿಯಾಗಿರುತ್ತದೆ. ಹೊರಗಿಂದ ಕಾಣುವುದಿಲ್ಲ. ಒಂದು ಕಬ್ಬಿಣದ ಪಟ್ಟಿಯಲ್ಲಿ ಕೆರೆದು, ನೀರು ಹೊಡೆದರೆ ನಡುಕ ನಿಂತುಹೋದ ಗಾಡಿಗಳನ್ನು ನಾನೇ ನೋಡಿದ್ದೇನೆ. ಖರ್ಚಿಲ್ಲದ ಈ ಕೆಲಸವನ್ನೇ ಮೊದಲು ಮಾಡಬೇಕು. ಅದರ ಜೊತೆಗೇ ಚಕ್ರದ ನಟ್ಟು ಸಡಿಲಾಗಿದೆಯೇ, ಟೈರಿನ ಪಕ್ಕೆಯಲ್ಲಿ ಗುಳ್ಳೆ ಎದ್ದಿದೆಯೇ ಅಂತ ಕೈಯಾಡಿಸಿ ನೋಡಬೇಕು. ಈ ಎರಡರಲ್ಲಿ ಒಂದಿದ್ದರೂ ಗಾಡಿಯನ್ನು ಅಲ್ಲಿಂದ ಕದಲಿಸಬಾರದು. ಅದು ಪ್ರಾಣದ ಪ್ರಶ್ನೆ.

ಇನ್ನೊಂದು ಮಾತು. ನಡುಕ ಅಂದ ಕೂಡಲೇ ‘ಅಲೈನ್‌ಮೆಂಟ್ ಮಾಡ್ಸಿ’ ಅನ್ನುವವರು ಬಹಳ. ಅಲೈನ್‌ಮೆಂಟ್ ತಪ್ಪಿದರೆ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ, ಟೈರು ಒಂದೇ ಅಂಚಿನಲ್ಲಿ ಸವೆಯುತ್ತದೆ. ನಡುಕಕ್ಕೆ ಬೇಕಾದದ್ದು ಬ್ಯಾಲೆನ್ಸಿಂಗ್, ಅಂದರೆ ಚಕ್ರವನ್ನು ಯಂತ್ರಕ್ಕೆ ಹಾಕಿ ತಿರುಗಿಸಿ, ಹಗುರವಿದ್ದ ಕಡೆ ಡಿಸ್ಕಿನ ಅಂಚಿಗೆ ಸೀಸದ ತುಂಡು ಬಡಿಯುವುದು. ಎರಡೂ ಬೇರೆ ಬೇರೆ ಕೆಲಸ.

ಭಾಮೈದನ ಗಾಡಿಯಲ್ಲಿ ಇದೆಲ್ಲ ಆಗಿಹೋಗಿತ್ತು. ಕೊನೆಗೆ ಮದ್ದೂರಿನ ಹಳೇ ರಸ್ತೆ ಪಕ್ಕದಲ್ಲಿ ಶೆಡ್ಡು ಇಟ್ಟುಕೊಂಡಿರುವ ವಯಸ್ಸಾದ ಮೇಸ್ತ್ರಿಯೊಬ್ಬರ ಹತ್ತಿರ ಹೋದೆವು. ಅವರು ಸ್ಪ್ಯಾನರ್ ಮುಟ್ಟಲಿಲ್ಲ. ಕೈ ಒರೆಸಿಕೊಂಡು ಪಕ್ಕದ ಸೀಟಿಗೆ ಹತ್ತಿ, ‘ನಡೀರಿ, ಹೈವೇಗೆ’ ಅಂದರು.

ಎಪ್ಪತ್ತೆರಡಕ್ಕೆ ಶುರುವಾಯಿತು. ಮೇಸ್ತ್ರಿ ಒಂದು ಅಂಗೈಯನ್ನು ಡ್ಯಾಶ್‌ಬೋರ್ಡಿನ ಮೇಲೂ ಇನ್ನೊಂದನ್ನು ಸೀಟಿನ ಕೆಳಗಿನ ತಗಡಿನ ಮೇಲೂ ಇಟ್ಟು ಕೂತರು. ‘ಸ್ಟೇರಿಂಗ್ ಕುಣೀತಾ ಇಲ್ಲ ನೋಡು. ಮುಂದಿನ ಚಕ್ರದ್ದಾಗಿದ್ರೆ ಮೊದ್ಲು ಅದು ಕುಣೀಬೇಕಿತ್ತು. ಇದು ಸೀಟಿಂದ ಬರ್ತಾ ಅದೆ.’ ಆಮೇಲೆ ಅದೇ ವೇಗದಲ್ಲಿ ಐದನೇ ಗೇರಿನಿಂದ ನಾಲ್ಕಕ್ಕೆ ಇಳಿಸಲು ಹೇಳಿದರು. ಎಂಜಿನ್ ಸದ್ದು ಏರಿತು, ನಡುಕ ಇದ್ದಂತೆಯೇ ಇತ್ತು. ‘ಎಂಜಿನ್ ಅಲ್ಲ.’ ಬ್ರೇಕ್ ಮೆಲ್ಲಗೆ ಒತ್ತಿಸಿದರು. ಹೆಚ್ಚಲಿಲ್ಲ. ‘ಬ್ರೇಕಿನ ಡ್ರಮ್ಮೂ ಅಲ್ಲ, ಡಿಸ್ಕೂ ಅಲ್ಲ.’

‘ಲೋಡಿದ್ದಾಗ ಜಾಸ್ತಿನೋ, ಖಾಲಿ ಇದ್ದಾಗಲೋ?’

‘ಖಾಲೀಲೇ ಜಾಸ್ತಿ ಮೇಸ್ತ್ರೀ.’

‘ಯಾವಾಗಿಂದ?’

‘ಒಂದು ತಿಂಗಳಾಯ್ತು.’

‘ಅದಕ್ಕೆ ಮುಂಚೆ ಗಾಡಿಗೆ ಕೈ ಹಾಕಿದ್ದು ಯಾರು?’

ಭಾಮೈದ ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಕ್ಲಚ್ ಪ್ಲೇಟ್ ಹಾಕ್ಸಿದ್ದೆ, ಬೇರೆ ಕಡೆ.’ ತಿಂಗಳಿಂದ ಯಾರೂ ಕೇಳದೇ ಇದ್ದ ಪ್ರಶ್ನೆ ಅದು. ನಾನೂ ಕೇಳಿರಲಿಲ್ಲ.

ಕ್ಲಚ್ ಪ್ಲೇಟ್ ಹಾಕಬೇಕಾದರೆ ಗೇರ್‌ಬಾಕ್ಸ್ ಇಳಿಸಬೇಕು, ಅದಕ್ಕೂ ಮೊದಲು ಪ್ರೊಪೆಲ್ಲರ್ ಶಾಫ್ಟ್ ಕಳಚಬೇಕು. ಗೇರ್‌ಬಾಕ್ಸಿನಿಂದ ಹಿಂದಿನ ಹೌಸಿಂಗಿಗೆ ಶಕ್ತಿ ಒಯ್ಯುವ ಉದ್ದನೆಯ ಕೊಳವೆ ಅದು. ಚಕ್ರ ಒಂದು ಸುತ್ತು ತಿರುಗುವಷ್ಟರಲ್ಲಿ ಇದು ನಾಲ್ಕರ ಆಸುಪಾಸು ಸುತ್ತು ತಿರುಗಿರುತ್ತದೆ. ಹಾಗಾಗಿ ಇಲ್ಲಿನ ದೋಷ ಚಕ್ರದ ದೋಷದಂತೆ ತೊನೆಯುವುದಿಲ್ಲ, ತಗಡಿನೊಳಗೆ ದುಂಬಿ ಸಿಕ್ಕಿಕೊಂಡಂತೆ ಗುಂಯ್‌ಗುಟ್ಟುತ್ತ ನಡುಗುತ್ತದೆ. ಹಿಂದಿನ ಚಕ್ರಗಳು ಹಳ್ಳಕ್ಕೆ ಬಿದ್ದು ಏಳುವಾಗ ಕೊಳವೆ ಬಾಗಲಾರದು. ಅದಕ್ಕೆಂದೇ ತುದಿಗಳಲ್ಲಿ ಕ್ರಾಸ್ ಜಾಯಿಂಟುಗಳಿರುತ್ತವೆ. ಈ ಕೀಲಿಗೆ ಒಂದು ವಿಚಿತ್ರ ಗುಣ. ಓರೆಯಲ್ಲಿ ತಿರುಗುವಾಗ ಒಂದು ಬದಿ ಒಂದೇ ಸಮ ತಿರುಗಿದರೂ ಇನ್ನೊಂದು ಬದಿ ಪ್ರತಿ ಸುತ್ತಿನಲ್ಲಿ ಎರಡು ಸಲ ಚುರುಕಾಗಿ ಎರಡು ಸಲ ನಿಧಾನವಾಗುತ್ತದೆ. 17ನೇ ಶತಮಾನದಲ್ಲೇ ಇಂಗ್ಲೆಂಡಿನ ರಾಬರ್ಟ್ ಹುಕ್ ಇದನ್ನು ಗುರುತಿಸಿದ್ದ. ಕೊಳವೆಯ ಎರಡೂ ತುದಿಯಲ್ಲಿ ಈ ಕೀಲು ಹಿಡಿಯುವ ಕಿವಿಗಳನ್ನು ಒಂದೇ ಸಾಲಿನಲ್ಲಿ ಕೂರಿಸಿದರೆ ಒಂದು ಕೀಲಿನ ಏರಿಳಿತವನ್ನು ಇನ್ನೊಂದು ಅಳಿಸಿಹಾಕುತ್ತದೆ. ಸಾಲು ತಪ್ಪಿದರೆ ಅಳಿಯದೆ ಉಳಿದದ್ದು ಸೀಟಿಗೆ ಬರುತ್ತದೆ. ಖಾಲಿ ಗಾಡಿಯಲ್ಲಿ ಹಿಂದಿನ ಸ್ಪ್ರಿಂಗ್ ಪಟ್ಟಿಗಳು ಬೆನ್ನೆತ್ತಿ ನಿಲ್ಲುವುದರಿಂದ ಕೀಲುಗಳ ಓರೆಯೂ ಹೆಚ್ಚುತ್ತದೆ. ಹೆಚ್ಚು ಭಾರ ಹೊರಲೆಂದು ಪಟ್ಟಿ ಸೇರಿಸಿದ ಗಾಡಿಗಳಲ್ಲಿ ಇನ್ನೂ ಹೆಚ್ಚು. ಭಾಮೈದನೂ ಒಂದು ಸೇರಿಸಿದ್ದ.

ಶೆಡ್ಡಿಗೆ ಬಂದು, ಚಕ್ರಕ್ಕೆ ಕಲ್ಲು ಕೊಟ್ಟು, ಮೇಸ್ತ್ರಿ ಗೋಣಿತಾಟು ಹಾಸಿಕೊಂಡು ಗಾಡಿ ಕೆಳಗೆ ಜಾರಿದರು. ನಾನೂ ಪಕ್ಕದಲ್ಲಿ ಮಲಗಿದೆ. ಎಣ್ಣೆಜಿಡ್ಡು, ಧೂಳು ಸೇರಿ ಕರಿಬೆಲ್ಲದಂತಾಗಿದ್ದ ಪದರವನ್ನು ಚಿಂದಿಯಲ್ಲಿ ಒರೆಸಿ ಟಾರ್ಚು ಬಿಟ್ಟರು. ಮುಂದಿನ ಕಿವಿ ನೆಟ್ಟಗೆ ಮೇಲಕ್ಕಿತ್ತು. ಹಿಂದಿನದು ಗಡಿಯಾರದ ಮುಳ್ಳು ಹನ್ನೆರಡು ಬಿಟ್ಟು ಒಂದರ ಹತ್ತಿರ ನಿಂತಂತೆ ವಾಲಿತ್ತು. ಕಳಚುವಾಗ ಕೊಳವೆಯ ಎರಡು ಭಾಗಕ್ಕೂ ಗುರುತು ಹಾಕಿರಲಿಲ್ಲ, ಜೋಡಿಸುವಾಗ ಒಂದನ್ನು ಇನ್ನೊಂದರೊಳಗೆ ಸಿಕ್ಕ ಹಲ್ಲಿಗೆ ತೂರಿಸಿದ್ದರು.

ಬಿಚ್ಚಿ, ಹಲ್ಲು ತಿರುಗಿಸಿ ಕೂರಿಸಿ, ಗ್ರೀಸು ಹೊಡೆಯಲು ಮುಕ್ಕಾಲು ಗಂಟೆ ಹಿಡಿಯಿತು. ಬೋಲ್ಟು ಬಿಗಿದ ಮೇಲೆ ಮೇಸ್ತ್ರಿ ಪಂಚು, ಸುತ್ತಿಗೆ ಕೇಳಿ ತೆಗೆದುಕೊಂಡು ಕೊಳವೆಯ ಎರಡೂ ಭಾಗದ ಮೇಲೆ ಎದುರೆದುರು ಒಂದೊಂದು ಚುಕ್ಕಿ ಹೊಡೆದರು. ‘ಮುಂದೆ ಯಾರೇ ಬಿಚ್ಚಲಿ, ಈ ಎರಡು ಚುಕ್ಕೆ ಎದುರುಬದುರು ಕೂರಿಸೋಕೇಳು.’ ಕೂಲಿ 500 ರೂಪಾಯಿ ತೆಗೆದುಕೊಂಡರು.

ಆ ರಾತ್ರಿಯ ಲೋಡಿಗೆ ನಾನೂ ಜೊತೆಗೆ ಹೋದೆ. ಬೆಳಗಿನ ಜಾವ ಎಳನೀರು ಇಳಿಸಿ ಖಾಲಿ ಗಾಡಿಯಲ್ಲಿ ವಾಪಸು ಬರುವಾಗ ಮುಳ್ಳು ಎಪ್ಪತ್ತು ದಾಟಿತು, ಎಪ್ಪತ್ತೆಂಟಕ್ಕೆ ನಿಂತಿತು. ಭಾಮೈದ ಮಾತಾಡಲಿಲ್ಲ. ಕನ್ನಡಿಯ ಕಡೆಗೆ ಒಮ್ಮೆ ನೋಡಿ, ನನಗೂ ನೋಡು ಅನ್ನುವಂತೆ ಕತ್ತು ಆಡಿಸಿದ. ಹಿಂದಿನ ಲಾರಿಯ ದೀಪಗಳು ಎರಡೇ ಇದ್ದವು.