ಟ್ರ್ಯಾಕ್ಟರಿನ ಬಾಯಿ ತೆರೆದು ನೋಡಿದರೆ

ದನದ ಸಂತೆಗೆ ಹೋದ ರೈತ ಎತ್ತಿನ ಕೊಂಬಿಗೆ ಹಚ್ಚಿದ ಬಣ್ಣ ನೋಡಿ ವ್ಯಾಪಾರ ಮಾಡುವುದಿಲ್ಲ. ಕೆಳದುಟಿ ಜಗ್ಗಿ ಹಲ್ಲು ಎಣಿಸುತ್ತಾನೆ. ದನಕ್ಕೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲೇ ಇಲ್ಲ. ಕೆಳಗಿನ ಎಂಟು ಹಾಲುಹಲ್ಲುಗಳು ಬಿದ್ದು, ನಡುವಿನಿಂದ ಶುರುವಾಗಿ ಜೋಡಿ ಜೋಡಿಯಾಗಿ ಹೊಸವು ಬರುತ್ತವೆ. ಎರಡು ಹಲ್ಲಾದರೆ ಸುಮಾರು ಎರಡು, ಎರಡೂವರೆ ವರ್ಷ. ಎಂಟೂ ಬಂದು ಬಾಯಿಗೂಡಿದರೆ ನಾಲ್ಕೈದು ವರ್ಷ. ಮಾರುವವನ ಮಾತು ಒಂದು, ಬಾಯಿಯ ಲೆಕ್ಕ ಇನ್ನೊಂದಾದರೆ ರೈತ ನಂಬುವುದು ಬಾಯಿಯನ್ನೇ.

ಹಳೆಯ ಟ್ರ್ಯಾಕ್ಟರಿಗೂ ಇಂಥದೊಂದು ಬಾಯಿ ಇದೆ.

ರೋಣ ತಾಲ್ಲೂಕಿನ ಹೊಳೆಆಲೂರು ಮಲಪ್ರಭೆಯ ದಂಡೆಯ ಊರು. ಹೆಸರಿನ ಮೊದಲಿಗೇ ಹೊಳೆ ಇದೆ. ಸುತ್ತ ಎರೆಹೊಲ. ಒಣಗಿದರೆ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ, ತೊಯ್ದರೆ ಗಾಲಿಯನ್ನು ಹಿಡಿದು ಬಿಡುವುದಿಲ್ಲ. ಇಂಥ ಹೊಲದಲ್ಲಿ ಆಳಕ್ಕಿಳಿದ ಕರಿಕೆ ಕೀಳಬೇಕಾದರೆ ಹಿಂದೆ ನಾಲ್ಕೈದು ಜೋಡಿ ಎತ್ತು ಹೂಡಿ ದೊಡ್ಡ ರೆಂಟೆ ಹೊಡೆಯಬೇಕಾಗುತ್ತಿತ್ತು. ಆ ಹೊರೆಯನ್ನು ಎತ್ತುಗಳ ಹೆಗಲಿನಿಂದ ಇಳಿಸಿದ ಮೊದಲ ತಲೆಮಾರಿನ ಟ್ರ್ಯಾಕ್ಟರುಗಳಿಗೆ ಈಗ ಐವತ್ತು, ಅರವತ್ತು ವರ್ಷ. ಹಲವು ಮೋಡಕಾದವರ ತಕ್ಕಡಿ ಏರಿದವು. ಬಣವೆಯ ಮರೆಯಲ್ಲಿ ಉಳಿದ ಕೆಲವನ್ನು ‘ನಮ್ಮಪ್ಪ ತಂದ ಗಾಡಿ’ ಎಂಬ ಪ್ರೀತಿಗೆ ಮಕ್ಕಳು ಮತ್ತೆ ಎಬ್ಬಿಸಲು ಹೊರಡುತ್ತಾರೆ. ಆ ಪ್ರೀತಿ ದೊಡ್ಡದು. ಆದರೆ ಆತುರದಲ್ಲಿ ಮೊದಲು ಬಣ್ಣ, ಆಮೇಲೆ ಪಿಸ್ಟನ್, ಲೈನರುಗಳ ಬೋರ್ ಕಿಟ್ ತಂದು, ಕೊನೆಗೆ ಅದು ಈ ಎಂಜಿನ್ನಿನದಲ್ಲ ಎಂದು ತಿಳಿಯುವುದು ದುಬಾರಿ ಪಾಠ.

ಗುರುತು ಹಿಡಿಯುವುದು ಏಕೆ ಕಷ್ಟ ಎಂಬುದು ಟ್ರ್ಯಾಕ್ಟರಿನ ಮೈಕಟ್ಟಿನಲ್ಲೇ ಇದೆ. ಲಾರಿಗೆ ಉದ್ದನೆಯ ಚಾಸಿ ಇರುತ್ತದೆ. ಎಂಜಿನ್, ಗೇರ್‌ಬಾಕ್ಸ್ ಅದರ ಮೇಲೆ ಕೂರುತ್ತವೆ. ಫರ್ಗ್ಯುಸನ್, ಮ್ಯಾಸಿ, ಇಂಟರ್‌ನ್ಯಾಷನಲ್ ಬಗೆಯ ಟ್ರ್ಯಾಕ್ಟರಿಗೆ ಅಂಥ ಬೇರೆ ಚಾಸಿ ಇಲ್ಲ. ಎಂಜಿನ್, ಕ್ಲಚ್ಚಿನ ಕವಚ, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಒಂದಕ್ಕೊಂದು ಬೋಲ್ಟಿನಿಂದ ಬಿಗಿದುಕೊಂಡು ತಾವೇ ಬೆನ್ನೆಲುಬಾಗುತ್ತವೆ. ಕ್ಲಚ್ ಪ್ಲೇಟ್ ಬದಲಿಸಬೇಕೆಂದರೆ ಮೇಸ್ತ್ರಿ ಗಾಡಿಯನ್ನು ನಡುವಿನಲ್ಲಿ ಬಿಚ್ಚಿ ಎರಡು ಭಾಗ ಮಾಡಲೇಬೇಕು. ಹೀಗೆ ಬಿಚ್ಚಿದಾಗ ಒಂದರ ಮುಂಡಕ್ಕೆ ಇನ್ನೊಂದರ ತಲೆ ಸೇರುವುದಕ್ಕೂ ದಾರಿಯಾಗುತ್ತದೆ. ಎಂಜಿನ್ ಒಡೆದ ಗಾಡಿಗೆ ಅದೇ ಕುಲದ ಬೇರೆ ಗಾಡಿಯ ಎಂಜಿನ್ ಕೂಡಿಸಿ ಮುಂಗಾರಿಗೆ ಹೊಲಕ್ಕಿಳಿಸುವುದು ರೈತನ ಮಟ್ಟಿಗೆ ಜಾಣತನ. ಐವತ್ತು ವರ್ಷದ ಮೇಲೆ ಅದರ ಕುಲ ಹುಡುಕುವವರಿಗೆ ಮಾತ್ರ ಒಂದೇ ಮೈಯಲ್ಲಿ ಎರಡು ಜಾತಕ ಸಿಗುತ್ತವೆ.

ಮ್ಯಾಸಿಯ ವಂಶವನ್ನೇ ನೋಡೋಣ. ಮೂಲಪುರುಷ ಫರ್ಗ್ಯುಸನ್ ಟಿಇ-20. ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ ರೂಪಿಸಿದ ಈ ಬೂದು ಬಣ್ಣದ ಪುಟ್ಟ ಯಂತ್ರ 1946ರಿಂದ 1956ರವರೆಗೆ ಇಂಗ್ಲೆಂಡಿನ ಕವೆಂಟ್ರಿಯಲ್ಲಿ 5 ಲಕ್ಷಕ್ಕೂ ಹೆಚ್ಚು ತಯಾರಾಯಿತು. ಇವತ್ತು ಎಲ್ಲ ಟ್ರ್ಯಾಕ್ಟರುಗಳ ಬೆನ್ನಿಗೆ ಕಾಣುವ ಮೂರು ತೋಳಿನ ಕೊಂಡಿ, ಅಂದರೆ ರೆಂಟೆಯನ್ನು ಎತ್ತಿ ಇಳಿಸುವ ಲಿಫ್ಟು, ಮನೆಮಾತಾದದ್ದು ಇದರಿಂದಲೇ. ಇದರ ತಗಡಿನ ಪಟ್ಟಿಯಲ್ಲಿ ಒಂದೊಂದು ಅಕ್ಷರಕ್ಕೂ ಅರ್ಥವಿದೆ. ಬರೀ ಟಿಇ ಎಂದರೆ ಮೊದಲ ಕಾಲದ ಕಾಂಟಿನೆಂಟಲ್ ಪೆಟ್ರೋಲ್ ಎಂಜಿನ್. ಟಿಇಎ ಎಂದರೆ ಸ್ಟ್ಯಾಂಡರ್ಡ್ ಕಂಪನಿಯ ಪೆಟ್ರೋಲ್ ಎಂಜಿನ್. ಟಿಇಡಿ ಸೀಮೆಎಣ್ಣೆಯಂಥ ಅಗ್ಗದ ಇಂಧನದ್ದು. ಟಿಇಎಫ್ ಡೀಸೆಲ್‌ನದು, 1951ರಲ್ಲಿ ಬಂದದ್ದು. ಹೊರಗಿನಿಂದ ನಾಲ್ಕೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ, ಎಂಜಿನ್ನಿನೊಳಗಿನ ಸಾಮಾನೆಲ್ಲ ಒಂದರದ್ದು ಇನ್ನೊಂದಕ್ಕೆ ಆಗುತ್ತದೆ ಎನ್ನುವಂತಿಲ್ಲ.

ಆಮೇಲೆ 1956ರಲ್ಲಿ ಬಂದದ್ದು ಎಫ್‌ಇ-35, ಅದೇ ಮುಂದೆ ಮ್ಯಾಸಿ ಫರ್ಗ್ಯುಸನ್ 35. ಇಲ್ಲಿಯೇ ಬಹಳ ಜನ ಎಡವುತ್ತಾರೆ. ಮೊದಲ ಡೀಸೆಲ್ 35ಕ್ಕೆ ಸ್ಟ್ಯಾಂಡರ್ಡ್ ಕಂಪನಿಯ ನಾಲ್ಕು ಸಿಲಿಂಡರಿನ ಎಂಜಿನ್ ಇತ್ತು. ಚಳಿಯಲ್ಲಿ ಚಾಲೂ ಆಗಲು ಸತಾಯಿಸುವುದರಲ್ಲಿ ಅದು ಹೆಸರುವಾಸಿ. 1959ರಲ್ಲಿ ಅದರ ಜಾಗಕ್ಕೆ ಪರ್ಕಿನ್ಸ್ ಕಂಪನಿಯ ಮೂರು ಸಿಲಿಂಡರಿನ ಎ3.152 ಬಂತು. ಹೆಸರಿನಲ್ಲೇ ಲೆಕ್ಕ ಬಿಚ್ಚಿಟ್ಟಿದೆ: 3 ಸಿಲಿಂಡರ್, 152 ಘನ ಇಂಚು, ಅಂದರೆ ಸುಮಾರು ಎರಡೂವರೆ ಲೀಟರ್. ಸಿಲಿಂಡರ್ ಕಡಿಮೆಯಾದರೂ ಶಕ್ತಿ ಹೆಚ್ಚಾಯಿತು, ಚಾಲೂ ಆಗುವುದೂ ಸುಲಭವಾಯಿತು. ಇವೆರಡನ್ನು ಬೇರೆ ಮಾಡಲು ಬಾನೆಟ್ ಎತ್ತಿ ಪಂಪಿನಿಂದ ಇಂಜೆಕ್ಟರುಗಳಿಗೆ ಹೋಗುವ ಉಕ್ಕಿನ ಕೊಳವೆ ಎಣಿಸಿದರೆ ಸಾಕು. ನಾಲ್ಕಿದ್ದರೆ ಸ್ಟ್ಯಾಂಡರ್ಡ್, ಮೂರಿದ್ದರೆ ಪರ್ಕಿನ್ಸ್.

ಈ ಎಣಿಕೆಯ ಮೇಲೆ ಮುಂದಿನ ಖರ್ಚೆಲ್ಲ ನಿಂತಿದೆ. ಸ್ಟ್ಯಾಂಡರ್ಡ್ ಎಂಜಿನ್ನಿನಲ್ಲಿ ಪಿಸ್ಟನ್ ಓಡಾಡುವ ಲೈನರ್ ಸುತ್ತ ನೇರವಾಗಿ ನೀರು ಹರಿಯುತ್ತದೆ. ಬುಡದ ಸೀಲು ಸವೆದರೆ ನೀರು ಎಣ್ಣೆಗೆ ಇಳಿಯುತ್ತದೆ. ಪರ್ಕಿನ್ಸಿನ ಲೈನರ್ ಬ್ಲಾಕಿನ ಕಬ್ಬಿಣದೊಳಗೆ ಒಣದಾಗಿ ಕೂತಿರುತ್ತದೆ; ಅದನ್ನು ತೆಗೆಯುವ, ಕೂಡಿಸುವ ರೀತಿಯೇ ಬೇರೆ.

ನಮ್ಮ ಕಡೆ ಮ್ಯಾಸಿ ಎಂದರೆ ಸಾಮಾನ್ಯವಾಗಿ 1035. ಅದು ಚೆನ್ನೈಯಲ್ಲಿ 1960ರಲ್ಲಿ ಹುಟ್ಟಿದ ಟಾಫೆ ಕಂಪನಿಯದು, 35ರ ವಂಶದ ಕುಡಿ. ಎಂಜಿನ್ ಬರುವುದು ಅದೇ ಅಮಾಲ್ಗಮೇಷನ್ಸ್ ಬಳಗದ ಸಿಂಪ್ಸನ್ ಕಂಪನಿಯಿಂದ, ಪರ್ಕಿನ್ಸ್ ಮಾದರಿಯಲ್ಲಿ. ಹೀಗಾಗಿ ಹಡಗಿನಲ್ಲಿ ಬಂದ ಹಳೆಯ 35ಕ್ಕೆ ಮುಂದೊಂದು ದಿನ ಸಿಂಪ್ಸನ್ ಎಂಜಿನ್ ಕೂಡಿಸಿದ್ದರೆ ಆಶ್ಚರ್ಯವಿಲ್ಲ. ಮೂರು ಕೊಳವೆ ಕಂಡೊಡನೆ ಗಾಡಿ 1959ರ ನಂತರದ್ದು ಎಂದು ತೀರ್ಮಾನಿಸಬಾರದು. ಎಂಜಿನ್ ಬ್ಲಾಕಿನ ಮೇಲಿನ ನಂಬರನ್ನೂ ಗಾಡಿಯ ಪಟ್ಟಿಯ ನಂಬರನ್ನೂ ಬೇರೆ ಬೇರೆಯಾಗಿ ಬರೆದಿಟ್ಟುಕೊಂಡು ತಾಳೆ ನೋಡಬೇಕು.

ಇನ್ನೊಂದು ಪರೀಕ್ಷೆ ಕಾಲಿನದು. ಟಿಇ-20ರಲ್ಲಿ ಕ್ಲಚ್ ಒಂದೇ. ತುಳಿದರೆ ಗಾಲಿಯ ಜೊತೆಗೆ, ಹೂಡಿದ ಯಂತ್ರವನ್ನು ತಿರುಗಿಸುವ ಹಿಂದಿನ ಪಿಟಿಒ ಶಾಫ್ಟೂ ನಿಲ್ಲುತ್ತದೆ, ಲಿಫ್ಟೂ ನಿಲ್ಲುತ್ತದೆ. 35ರಲ್ಲಿ ಒಂಟಿ ಕ್ಲಚ್ಚಿನದೂ ಇತ್ತು, ಜೋಡಿ ಕ್ಲಚ್ಚಿನದೂ ಇತ್ತು. ಜೋಡಿಯದಾದರೆ ಪೆಡಲ್ ಅರ್ಧ ತುಳಿದಾಗ ಗಾಲಿ ಮಾತ್ರ ನಿಲ್ಲುತ್ತದೆ, ಪೂರ್ತಿ ತುಳಿದಾಗ ಪಿಟಿಒ ಕೂಡ. ರಾಶಿ ಯಂತ್ರವನ್ನು ಪಿಟಿಒಗೆ ಹೂಡಿ ದುಡಿದವರ ಕಾಲಿಗೆ ಈ ವ್ಯತ್ಯಾಸ ಇನ್ನೂ ನೆನಪಿರುತ್ತದೆ. ಹಳೆಯ ಚಾಲಕರೊಬ್ಬರು ಊರಲ್ಲಿದ್ದರೆ ಕ್ಯಾಟಲಾಗಿಗೂ ಮೊದಲು ಅವರನ್ನು ಕೇಳುವುದು ಒಳ್ಳೆಯದು.

ಮಹೀಂದ್ರದ ಕಥೆ ಬೇರೆ. ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ ಇಂಗ್ಲೆಂಡಿನಲ್ಲಿ 1956ರಿಂದ ಬಿ-250, 1958ರಿಂದ ಬಿ-275 ತಯಾರಿಸುತ್ತಿತ್ತು. 1963ರಲ್ಲಿ ಅದು ಮಹೀಂದ್ರ ಮತ್ತು ವೋಲ್ಟಾಸ್ ಜೊತೆ ಸೇರಿ ಇಂಟರ್‌ನ್ಯಾಷನಲ್ ಟ್ರ್ಯಾಕ್ಟರ್ ಕಂಪನಿ ಆಫ್ ಇಂಡಿಯಾ ಕಟ್ಟಿತು. 1965ರಲ್ಲಿ ಮುಂಬೈಯಲ್ಲಿ ಬಿ-275 ಹೊರಬಂತು. 1977ರಲ್ಲಿ ಆ ಕಂಪನಿ ಮಹೀಂದ್ರದಲ್ಲಿ ವಿಲೀನವಾಯಿತು. ಆದ್ದರಿಂದ ಒಂದೇ ‘ಎರಡ್ನೂರಾ ಎಪ್ಪತ್ತೈದು’ ಇಂಗ್ಲೆಂಡಿನದಾಗಿರಬಹುದು, ಮುಂಬೈಯ ಇಂಟರ್‌ನ್ಯಾಷನಲ್ ಆಗಿರಬಹುದು, ಅಥವಾ ಅಪ್ಪಟ ಮಹೀಂದ್ರ ಆಗಿರಬಹುದು. ಮೂತಿಯ ಮೇಲಿನ ಹೆಸರು ಎರಡು ಸ್ಕ್ರೂಗಳಿಗೆ ಬಿಚ್ಚಿ ಬರುವ ಸಾಮಾನು, ಅದಕ್ಕೆ ಅಷ್ಟೇ ಬೆಲೆ. ಗೇರು ಎಣಿಸುವುದು ಹೆಚ್ಚು ಖಾತ್ರಿ: ಬಿ-250ಕ್ಕೆ ಮುಂದೆ ಐದು, ಬಿ-275ಕ್ಕೆ ಮುಂದೆ ಎಂಟು, ಹಿಂದೆ ಎರಡು. ಎಂಜಿನ್ನಿನ ಹೆಸರು ಬಿಡಿ-144. ಇಲ್ಲಿಯೂ 144 ಎಂದರೆ ಘನ ಇಂಚು, ಸುಮಾರು 2.36 ಲೀಟರ್. ಆ ಹಳೆಯ ಎಂಜಿನ್ ನೇರವಾಗಿ ಪಿಸ್ಟನ್ ಮೇಲೆ ಡೀಸೆಲ್ ಸಿಂಪಡಿಸುವುದಿಲ್ಲ, ಪಕ್ಕದ ಪುಟ್ಟ ಕೋಣೆಯಲ್ಲಿ ಸಿಂಪಡಿಸುತ್ತದೆ. ಅದಕ್ಕೇ ಚಾಲೂ ಮಾಡುವಾಗ ಬಿಸಿಯಾಗಲು ಹೀಟರ್ ಪ್ಲಗ್ಗುಗಳು. ಮುಂದಿನ ಮಾದರಿಗಳ ಹೆಸರಿಗೆ ಅಂಟಿಕೊಂಡ ‘ಡಿಐ’ ಎಂಬುದರ ಅರ್ಥವೇ ನೇರ ಸಿಂಪಡಣೆ.

ಅಂಕಿಗಳ ಭಾಷೆ ಕಂಪನಿಗೊಂದು. 275ರಿಂದ ಅಶ್ವಶಕ್ತಿ ತಿಳಿಯುವುದಿಲ್ಲ. ಅದು ಸುಮಾರು 35 ಅಶ್ವಶಕ್ತಿಯ ಗಾಡಿ. ಗಡಿಯಾರದಿಂದ ಮನೆಮನೆಗೆ ಪರಿಚಿತವಾದ ನಮ್ಮ ಬೆಂಗಳೂರಿನ ಎಚ್‌ಎಂಟಿ 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಜೆಕ್ ಮೂಲದ ಝೆಟರ್ 2511 ತಯಾರಿಸಲು ಹೊರಟಿತು. ಅಲ್ಲಿ ಮೊದಲಿನ 25 ಅಶ್ವಶಕ್ತಿಯನ್ನೇ ಹೇಳುತ್ತದೆ. ಅದೇ ಝೆಟರ್‌ನ ಹಿಂದಿನ 3011, 4011ರಲ್ಲಿ ಮೊದಲ ಅಂಕಿ ಸಿಲಿಂಡರ್ ಸಂಖ್ಯೆ! ಫೋರ್ಡ್ ಇನ್ನೂ ಶಿಸ್ತಿನದು. ಅದರ ಎರಕದ ಭಾಗಗಳ ಮೇಲಿನ ಗುರುತು ‘ಸಿ5’ ಎಂದು ಶುರುವಾದರೆ ವಿನ್ಯಾಸ 1965ರದು, ‘ಡಿ5’ ಎಂದಾದರೆ 1975ರದು. ಆದರೆ ಅದು ನಕ್ಷೆ ಬರೆದ ವರ್ಷ, ಎರಕ ಹೊಯ್ದ ವರ್ಷವಲ್ಲ. ತಯಾರಿಕೆಯ ದಿನಕ್ಕೆ ಬೇರೆ ಗುರುತಿದೆ: ವರ್ಷದ ಕೊನೆಯ ಅಂಕಿ, ತಿಂಗಳಿಗೊಂದು ಅಕ್ಷರ, ದಿನ, ಪಾಳಿ. ಒಂದು ಎಂದು ಓದಿಬಿಡಬಾರದೆಂದು ‘ಐ’ ಅಕ್ಷರವನ್ನು ಬಿಟ್ಟಿದ್ದಾರೆ, ಹಾಗಾಗಿ ಸೆಪ್ಟೆಂಬರಿಗೆ ‘ಜೆ’.

ಡೀಸೆಲ್ ಪಂಪಿನ ಪಟ್ಟಿಯೂ ಮಾತಾಡುತ್ತದೆ. 1951ರಲ್ಲಿ ಶುರುವಾದ ಬೆಂಗಳೂರಿನ ಮೈಕೋ ಕಂಪನಿಯ ಸಾಲುಪಂಪಿನ ಮೇಲೆ ‘ಪಿಇಎಸ್ 4 ಎ 80’ ಎಂಬಂಥ ಬರಹವಿದ್ದರೆ, 4 ಎಂಬುದು ಸಿಲಿಂಡರ್ ಸಂಖ್ಯೆ, ಎ ಪಂಪಿನ ಅಳತೆ, 80 ಎಂದರೆ ಒಳಗಿನ ಪ್ಲಂಜರಿನ ದಪ್ಪ 8 ಮಿಲಿಮೀಟರ್. ಪಂಪು ಬದಲಾಗುವ ಸಾಮಾನಾದ್ದರಿಂದ ಇದನ್ನು ಸಾಕ್ಷಿ ಎನ್ನಬಹುದು, ತೀರ್ಪು ಎನ್ನುವಂತಿಲ್ಲ.

ಪಟ್ಟಿಯೇ ಕಿತ್ತುಹೋಗಿದ್ದರೆ? ಪಾನಾ ಹಿಡಿದು ನೋಡಬೇಕು. ಬ್ರಿಟಿಷ್ ವಂಶದ ಯಂತ್ರಗಳ ಬೋಲ್ಟು ಇಂಚಿನವು, ಝೆಟರ್‌ನವು ಮಿಲಿಮೀಟರಿನವು. ಮುಕ್ಕಾಲು ಇಂಚು 19.05 ಮಿಲಿಮೀಟರ್, ಹಾಗಾಗಿ 19ರ ಪಾನಾ ಎರಡಕ್ಕೂ ಬಂದಂತೆ ಅನ್ನಿಸಿ ಮೋಸ ಮಾಡುತ್ತದೆ. ಅರ್ಧ ಇಂಚು 12.7, ಅದಕ್ಕೆ 13ರ ಪಾನಾ ಹಾಕಿದರೆ ಸಡಿಲಾಗಿ ಮೂಲೆ ಉರುಳುತ್ತದೆ. ಬಲವಂತ ಮಾಡುವ ಮೊದಲೇ ಕೈ ನಿಲ್ಲಿಸಿದರೆ ಬೋಲ್ಟೂ ಉಳಿಯುತ್ತದೆ, ಗುರುತೂ ಸಿಗುತ್ತದೆ.

ಹೊಳೆದಂಡೆಯ ಊರುಗಳಲ್ಲಿ ಇದಕ್ಕೆಲ್ಲ ಮೊದಲು ಮಾಡಬೇಕಾದ ಕೆಲಸ ಒಂದಿದೆ. 2009 ಮತ್ತು 2019ರ ನೆರೆಯಲ್ಲಿ ಮಲಪ್ರಭೆ ಈ ಭಾಗದ ಹೊಲಮನೆಗಳಿಗೆ ನುಗ್ಗಿದ್ದಳು. ನೀರು ಕುಡಿದ ಗಾಡಿಯ ಗೇರ್‌ಬಾಕ್ಸಿನ ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಾಗಿರುತ್ತದೆ, ತಳದಲ್ಲಿ ಎರೆಯ ರೊಜ್ಜು ಕೂತಿರುತ್ತದೆ. ನೋಡದೆ ಚಾಲೂ ಮಾಡಲು ಹೋದರೆ ಅದೇ ರೊಜ್ಜು ಬೇರಿಂಗುಗಳನ್ನು ಅರೆಯುತ್ತದೆ. ಕೆಳಗಿನ ಬೋಲ್ಟ್ ಬಿಚ್ಚಿ ಒಂದು ಲೋಟ ಎಣ್ಣೆ ಹಿಡಿದು ನೋಡಲು ಐದು ನಿಮಿಷ ಸಾಕು.

ಕಾಗದಗಳ ಸರದಿ ಆಮೇಲೆ. ಆರ್‌ಸಿ ಪುಸ್ತಕದ ನಂಬರು ‘ಎಂವೈ’ ಅಥವಾ ‘ಸಿಎ’ ಎಂದು ಶುರುವಾದರೆ ನೋಂದಣಿ ‘ಕೆಎ’ ಬರುವುದಕ್ಕೆ ಮುಂಚಿನದು. ಅದು ನೋಂದಣಿಯ ಕಾಲವೇ ಹೊರತು ಕಾರ್ಖಾನೆಯ ಕಾಲವಲ್ಲ. ಕಬ್ಬಿಣದ ಮೇಲೆ ಒತ್ತಿದ ನಂಬರು ಓದಲು ತಂತಿಬ್ರಶ್ಶಿಗಿಂತ ಸೀಮೆಎಣ್ಣೆಯಲ್ಲಿ ಅದ್ದಿದ ಅರಿವೆ ಮೇಲು; ಒರೆಸಿ, ಒಣಗಿಸಿ, ಸೀಮೆಸುಣ್ಣ ತಿಕ್ಕಿದರೆ ಅಂಕಿಗಳು ಬೆಳ್ಳಗೆ ಎದ್ದು ಕಾಣುತ್ತವೆ. ಉಜ್ಜಿ ಅಳಿಸಿ ಮತ್ತೆ ಒತ್ತಿದ ಗುರುತು ಕಂಡರೆ ಮುಂದುವರಿಯುವ ಮೊದಲು ಆರ್‌ಟಿಒ ಕಚೇರಿಗೆ ಹೋಗಬೇಕು. ಎಂಜಿನ್ ಬದಲಾಗಿದ್ದರೆ ಅದೂ ಪುಸ್ತಕದಲ್ಲಿ ಏರಬೇಕು.

ಬಣ್ಣದ ಡಬ್ಬಿ ತರುವುದು ಎಲ್ಲಕ್ಕಿಂತ ಕೊನೆಗೆ. ಅದಕ್ಕೂ ಸಾಕ್ಷಿ ಗಾಡಿಯಲ್ಲೇ ಇದೆ. ಬಾನೆಟ್ಟನ್ನು ಹತ್ತು ಸಲ ಬಳಿದವರೂ ಡೀಸೆಲ್ ಟ್ಯಾಂಕ್ ಇಳಿಸಿ ಅದರ ಅಡಿಗೆ ಬಳಿದಿರುವುದಿಲ್ಲ. ಅಲ್ಲಿ, ಜಿಡ್ಡಿನ ಕೆಳಗೆ, ನೀರುಕಾಗದದಿಂದ ಮೆಲ್ಲಗೆ ಉಜ್ಜುತ್ತ ಹೋದರೆ ಪದರ ಪದರವಾಗಿ ಹಳೆಯ ಬಣ್ಣ ತೆರೆದುಕೊಳ್ಳುತ್ತದೆ. ಕೆಂಪಿನಡಿ ಬೂದು ತಗಡು, ಎಂಜಿನ್ನಿನ ಮೈಮೇಲೆ ತಾಮ್ರದ ಹೊಳಪು ಕಂಡರೆ, ಮ್ಯಾಸಿ ಎಂದುಕೊಂಡು ತಂದ ಆ ಗಾಡಿ 1957ರ ಕೊನೆಗೆ ಕೆಂಪು ಬಣ್ಣ ಬರುವ ಮುಂಚಿನ ಎಫ್‌ಇ-35.