ದಾವಣಗೆರೆಯ ಯೋಗಕ್ಷೇಮ

ಇಲ್ಲದುದನ್ನು ಪಡೆಯುವುದು ಯೋಗ, ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮ ಎಂದು ಹಿರಿಯರು ವಿಂಗಡಿಸಿರುವರು. ಗೃಹಸ್ಥನಿಗೆ ಸಲ್ಲುವ ಈ ಮಾತು ಊರಿಗೂ ಸಲ್ಲುವುದು. ದಾವಣಗೆರೆಯನ್ನೇ ನೋಡೋಣ.

ಸುತ್ತಣ ಸೀಮೆಯ ಹತ್ತಿಯ ಬಲದಿಂದ ಅಲ್ಲಿ ಗಿರಣಿಗಳೆದ್ದವು; ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಬಿರುದು ಬಂದಿತು. ಕಾಲಾಂತರದಲ್ಲಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆದರೂ ಊರು ಕುಸಿಯಲಿಲ್ಲ. ಭದ್ರಾ ನಾಲೆಯ ನೀರು ಬತ್ತದ ಗದ್ದೆಗಳನ್ನೂ, ಚನ್ನಗಿರಿಯ ಕಡೆ ಅಡಕೆಯ ತೋಟಗಳನ್ನೂ ಪೋಷಿಸಿತು. ಮಳೆಯನ್ನೇ ನಂಬಿದ ಹೊಲಗಳಲ್ಲಿ ಹತ್ತಿಯ ಎಡೆಗೆ ಮೆಕ್ಕೆಜೋಳ ಬಂದಿತು. 1958ರಲ್ಲಿ ಹುಟ್ಟಿದ ಬಾಪೂಜಿ ವಿದ್ಯಾಸಂಸ್ಥೆಯ ಕಾಲೇಜುಗಳು ಪರಸ್ಥಳದ ವಿದ್ಯಾರ್ಥಿಗಳನ್ನು ಕರೆತಂದವು. 1997ರಲ್ಲಿ ಊರು ಜಿಲ್ಲಾಕೇಂದ್ರವೂ ಆಯಿತು. ಇದು ಯೋಗ.

ಕ್ಷೇಮದ ಮಾತೇನು? ಮೆಕ್ಕೆಜೋಳದ ಬಹುಪಾಲು ಕೋಳಿಯ ಮೇವಿಗೂ ಪಿಷ್ಟದ ಕಾರ್ಖಾನೆಗೂ ಹೋಗತಕ್ಕುದು. ಅಲ್ಲಿ ಬೇಡಿಕೆ ತಗ್ಗಿದರೆ ಇಲ್ಲಿ ಧಾರಣೆ ತಗ್ಗುವುದು. ಒಣಗಿಸುವ ಕಣವೂ ಕೂಡಿಡುವ ಉಗ್ರಾಣವೂ ಇಲ್ಲದ ರೈತನು ಕೊಯ್ಲಾದೊಡನೆ ಹಸಿ ಕಾಳನ್ನೇ ಮಾರಬೇಕಾಗುವುದು. ಜಗಳೂರಿನ ಬೆದ್ದಲು ರೈತನ ಕೈ ಬರಿದಾದ ವರ್ಷ ಪೇಟೆಯ ಜವಳಿ ಅಂಗಡಿಗೂ ಗಿರಾಕಿಯಿಲ್ಲ. ಮಗನ ಕಾಲೇಜಿನ ಶುಲ್ಕಕ್ಕೆ ಸಾಲವೇ ಗತಿ.

ಆದುದರಿಂದ ನಗರದ ಆರೋಗ್ಯವನ್ನು ಅದರ ರಾಜಬೀದಿಯ ದೀಪಗಳಿಂದ ಅಳೆಯಲಾಗದೆಂದು ನಾವು ತಿಳಿಯುತ್ತೇವೆ. ಹಳ್ಳಿಗೊಂದು ಕಣ, ಹೋಬಳಿಗೊಂದು ಉಗ್ರಾಣ, ಹೊಲದಲ್ಲಿ ಮೆಕ್ಕೆಜೋಳದೊಡನೆ ತೊಗರಿಯ ಸಾಲು: ಇವು ಸಣ್ಣ ಕಾರ್ಯಗಳು. ಹತ್ತಿಯೊಂದನ್ನೇ ನೆಚ್ಚಿದ ಗಿರಣಿಗಳ ಗತಿಯನ್ನು ಕಂಡ ಊರಿಗೆ ಇವುಗಳ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.