ಹೃದಯಾಘಾತದ ಕಾರಣ ಹುಡುಕುವ ವಂಶವಾಹಿಗಳ ಲೆಕ್ಕ

ಮಡಿವಾಳದ ನೆರೆಯಲ್ಲಿರುವ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ವೈದ್ಯರೂ ಪಾಲ್ಗೊಂಡಿದ್ದ ‘ಇಂಟರ್‌ಹಾರ್ಟ್’ ಅಧ್ಯಯನದ ದಕ್ಷಿಣ ಏಷ್ಯಾದ ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಅದರಂತೆ ಭಾರತ ಮತ್ತು ನೆರೆಯ ದೇಶಗಳಲ್ಲಿ ಮೊದಲ ಹೃದಯಾಘಾತದ ಸರಾಸರಿ ವಯಸ್ಸು 53. ಇತರ ದೇಶಗಳಲ್ಲಿ ಸುಮಾರು 59. ಸಣ್ಣ ಉದ್ದಿಮೆದಾರನಿಗೆ ಈ ಆರು ವರ್ಷಗಳು ಸಾಲ ತೀರುವ, ಮಕ್ಕಳು ವಹಿವಾಟಿಗೆ ಕೈಜೋಡಿಸುವ ಕಾಲ. ಆದ್ದರಿಂದ ರೋಗದ ನಿಜವಾದ ಕಾರಣ ಯಾವುದೆಂಬ ಪ್ರಶ್ನೆ ವರ್ತಕ ಸಮುದಾಯಕ್ಕೂ ಮಹತ್ವದ್ದು.

ಎರಡು ಸಂಗತಿಗಳು ಜೊತೆಯಾಗಿ ಕಂಡ ಮಾತ್ರಕ್ಕೆ ಒಂದು ಮತ್ತೊಂದರ ಕಾರಣವಾಗದು. ದೀಪಾವಳಿಯಲ್ಲಿ ಸಿಹಿತಿಂಡಿ, ಬಟ್ಟೆ ಎರಡರ ಮಾರಾಟವೂ ಏರುತ್ತದೆ. ಸಿಹಿಯಿಂದಾಗಿ ಬಟ್ಟೆ ಮಾರಾಟವಾಯಿತೆಂದು ಯಾರೂ ಹೇಳುವುದಿಲ್ಲ. ಹಾಗೆಯೇ ‘ಒಳ್ಳೆಯ’ ಕೊಲೆಸ್ಟರಾಲ್ (ಎಚ್‌ಡಿಎಲ್) ಅಧಿಕವಿರುವವರಲ್ಲಿ ಹೃದಯಾಘಾತ ಕಡಿಮೆ. ಆದರೆ ಅವರು ವ್ಯಾಯಾಮ ಮಾಡುವವರೂ ಧೂಮಪಾನ ಮಾಡದವರೂ ಆಗಿರಬಹುದು. ಲಾಭ ಯಾವುದರ ಖಾತೆಗೆ ಸೇರಬೇಕು?

ಇಲ್ಲಿ ವಂಶವಾಹಿಗಳ ವ್ಯತ್ಯಾಸ ನೆರವಿಗೆ ಬರುತ್ತದೆ. ತಂದೆತಾಯಿಯರಿಂದ ಮಗುವಿಗೆ ಯಾವ ವಂಶವಾಹಿ ಬರುವುದೆಂಬುದು ಚೀಟಿ ಎತ್ತಿದಂತೆ. ಮುಂದಿನ ಆಹಾರ, ದುಡಿಮೆ, ಚಟಗಳು ಅದನ್ನು ಬದಲಿಸಲಾರವು. ಆದ್ದರಿಂದ ಹುಟ್ಟಿನಿಂದಲೇ ಎಚ್‌ಡಿಎಲ್ ಹೆಚ್ಚಿರುವಂತೆ ಮಾಡುವ ವಂಶವಾಹಿ ಪಡೆದವರನ್ನು ಪಡೆಯದವರೊಡನೆ ಹೋಲಿಸಿದರೆ ಉತ್ತರ ಸ್ಪಷ್ಟವಾಗುತ್ತದೆ. ಅನುವಂಶೀಯತೆಯ ನಿಯಮಗಳನ್ನು ಕಂಡುಹಿಡಿದ ಗ್ರೆಗರ್ ಮೆಂಡೆಲ್ ಅವರ ಹೆಸರನ್ನೇ ಈ ವಿಧಾನಕ್ಕೆ ಇಡಲಾಗಿದೆ.

2012ರಲ್ಲಿ ಪ್ರಕಟವಾದ ಇಂತಹ ಹೋಲಿಕೆಯಲ್ಲಿ, ಎಚ್‌ಡಿಎಲ್ ಮಾತ್ರ ಹೆಚ್ಚಿಸುವ ವಂಶವಾಹಿ ಇದ್ದವರಿಗೆ ಹೃದಯಾಘಾತದಿಂದ ರಕ್ಷಣೆ ಕಾಣಲಿಲ್ಲ. ಅದಕ್ಕೆ ಮುನ್ನ, 2006ರಲ್ಲಿ, ಎಚ್‌ಡಿಎಲ್ ಏರಿಸುವ ಟಾರ್ಸೆಟ್ರಾಪಿಬ್ ಔಷಧವನ್ನು ಫೈಜರ್ ಸಂಸ್ಥೆ ಸುಮಾರು 15,000 ಮಂದಿಯ ಪರೀಕ್ಷೆಯ ನಡುವೆಯೇ ಕೈಬಿಟ್ಟಿತ್ತು. ಔಷಧ ಪಡೆದವರಲ್ಲಿ ಸಾವುಗಳು ಹೆಚ್ಚಿದ್ದವು.

‘ಕೆಟ್ಟ’ ಕೊಲೆಸ್ಟರಾಲ್ (ಎಲ್‌ಡಿಎಲ್) ವಿಷಯ ಬೇರೆ. ಪಿಸಿಎಸ್‌ಕೆ9 ಎಂಬ ವಂಶವಾಹಿ ನಿಷ್ಕ್ರಿಯವಾಗಿದ್ದ ಅಮೆರಿಕದ ಕಪ್ಪುವರ್ಣೀಯರಲ್ಲಿ ಎಲ್‌ಡಿಎಲ್ ಶೇ. 28ರಷ್ಟು, ಹೃದ್ರೋಗದ ಅಪಾಯ ಶೇ. 88ರಷ್ಟು ಕಡಿಮೆಯಿತ್ತೆಂದು 2006ರ ವರದಿ ತಿಳಿಸಿತು. ಅದೇ ವಂಶವಾಹಿಯಿಂದ ತಯಾರಾಗುವ ಪ್ರೋಟೀನನ್ನು ಗುರಿಯಾಗಿಸಿದ ಚುಚ್ಚುಮದ್ದುಗಳಿಗೆ 2015ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು.

ಇಂತಹ ಅಧ್ಯಯನಗಳ ಬಹುಪಾಲು ಮಾಹಿತಿ ಯುರೋಪ್ ಮೂಲದವರದು. ಈ ಕೊರತೆ ತುಂಬಲು 2020ರಲ್ಲಿ ಆರಂಭವಾದ ‘ಜೀನೋಮ್ ಇಂಡಿಯಾ’ ಯೋಜನೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮೆದುಳು ಸಂಶೋಧನಾ ಕೇಂದ್ರ ಸಂಯೋಜಿಸಿತು; ಸುಮಾರು 10,000 ಭಾರತೀಯರ ಮಾಹಿತಿ 2025ರ ಜನವರಿಯಲ್ಲಿ ಸಂಶೋಧಕರಿಗೆ ಲಭ್ಯವಾಯಿತು.

ರಕ್ತಪರೀಕ್ಷೆಯ ವರದಿಯಲ್ಲಿ ಎಚ್‌ಡಿಎಲ್ ಉತ್ತಮವೆಂದು ನಿಶ್ಚಿಂತರಾಗದೆ, ಎಲ್‌ಡಿಎಲ್ ಅಂಕಿಯನ್ನು ವೈದ್ಯರೊಡನೆ ಚರ್ಚಿಸುವುದು ವಿವೇಕ. ಎಲ್‌ಡಿಎಲ್‌ನ ಹಾನಿ ಚಕ್ರಬಡ್ಡಿಯಂತೆ ವರ್ಷವರ್ಷಕ್ಕೂ ಬೆಳೆಯುತ್ತದೆ. ಬೇಗ ತಗ್ಗಿಸಿದಷ್ಟೂ ಉಳಿತಾಯ ಹೆಚ್ಚು.